ಆಪರೇಷನ್ ಆದ ಮೇಲೆ ಮುದ್ದೆ ಯಾವಾಗ? ಅಲ್ಲಿಯವರೆಗೆ ಗಂಜಿ ಸಾಕೇ?

ಪ್ರಶ್ನೆ: ನಮ್ಮ ತಾಯಿಗೆ ತೂಕ ಇಳಿಸುವ ಆಪರೇಷನ್ ಆಗಿ ಐದು ವಾರಗಳಾದವು. ಹೊಟ್ಟೆಯ ದೊಡ್ಡ ಭಾಗವನ್ನೇ ತೆಗೆದಿದ್ದಾರೆ. ಚಿಕ್ಕಂದಿನಿಂದ ಮುದ್ದೆ ಉಂಡು ಬೆಳೆದವರು, ದಿನವೂ ಅದನ್ನೇ ಕೇಳುತ್ತಾರೆ. ಮುದ್ದೆಯನ್ನು ಯಾವಾಗಿನಿಂದ ಕೊಡಬಹುದು? ಈಗ ದಿನಕ್ಕೆ ಐದಾರು ಸಲ ರಾಗಿ ಗಂಜಿ, ಬೇಳೆಕಟ್ಟು, ಎಳನೀರು ಕೊಡುತ್ತಿದ್ದೇವೆ. ಹೊಟ್ಟೆಯೇ ಚಿಕ್ಕದಾಗಿರುವುದರಿಂದ ಇಷ್ಟು ಸಾಕಾಗುತ್ತದೆ ಅಲ್ಲವೇ?

ಉತ್ತರ: ಮುದ್ದೆಯ ವಿಚಾರಕ್ಕೆ ಉತ್ತರ ಚಿಕ್ಕದು. ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಳೆದ ಮೇಲೆ, ಮೆತ್ತಗಿನ ಆಹಾರವೆಲ್ಲ ತೊಂದರೆಯಿಲ್ಲದೆ ಇಳಿಯುತ್ತಿದೆ ಎಂಬುದು ಖಚಿತವಾದಾಗ, ಆಪರೇಷನ್ ಮಾಡಿದ ವೈದ್ಯರ ಒಪ್ಪಿಗೆ ಪಡೆದು, ಬಹಳ ಸ್ವಲ್ಪದಿಂದ ಆರಂಭಿಸಬಹುದು. ಹೇಗೆ ತಿನ್ನಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ನನಗೆ ಕಳವಳ ತಂದದ್ದು ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಹೊಟ್ಟೆ ಚಿಕ್ಕದಾಯಿತು, ಆದ್ದರಿಂದ ಗಂಜಿ ಸಾಕು ಎಂಬ ಈ ನಂಬಿಕೆಗೆ ಆಹಾರತಜ್ಞೆಯಾಗಿ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ನೆನಪಿಲ್ಲ. ಒಂದು ಮನೆಯವರಿಗೆ ಬಿಡಿಸಿ ಹೇಳಿ ಕಳುಹಿಸುವಷ್ಟರಲ್ಲಿ ಮುಂದಿನ ಮನೆಯವರು ಅದೇ ಮಾತನ್ನು ಹೊತ್ತು ಒಳಗೆ ಬಂದಿರುತ್ತಾರೆ. ಆದ್ದರಿಂದ ಈ ಸಲ ಲೆಕ್ಕದ ಸಮೇತ ಬರೆಯುತ್ತಿದ್ದೇನೆ; ದಯವಿಟ್ಟು ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿ ಹೇಳಿ.

ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಜ್ವರ ಬಂದರೆ ಗಂಜಿ, ಭೇದಿಯಾದರೆ ಗಂಜಿ, ಹಲ್ಲು ಕೀಳಿಸಿಕೊಂಡು ಬಂದರೂ ಗಂಜಿ. ಮೂರು ದಿನ ಮಲಗಿ ಏಳುವ ಕಾಯಿಲೆಗೆ ಅದು ಒಳ್ಳೆಯ ಆಹಾರವೇ, ಏಕೆಂದರೆ ನಾಲ್ಕನೆಯ ದಿನ ಆ ಮನುಷ್ಯ ಎದ್ದು ಕುಳಿತು ಹೊಟ್ಟೆ ತುಂಬ ಊಟ ಮಾಡುತ್ತಾನೆ. ನಿಮ್ಮ ತಾಯಿಗೆ ಆ ನಾಲ್ಕನೆಯ ದಿನ ಬರುವುದಿಲ್ಲ. ಮೊದಲ ಕೆಲವು ತಿಂಗಳು ಅವರ ಒಟ್ಟು ಆಹಾರ ದಿನಕ್ಕೆ ಸಾವಿರ ಕ್ಯಾಲೊರಿಯನ್ನೂ ಮುಟ್ಟುವುದು ಕಷ್ಟ. ದೇಹ ಕೊರತೆಯನ್ನು ತನ್ನ ದಾಸ್ತಾನಿನಿಂದ ತುಂಬಿಕೊಳ್ಳುತ್ತದೆ. ಕೊಬ್ಬು ಕರಗಲಿ ಎಂದೇ ಆಪರೇಷನ್ ಮಾಡಿಸಿದ್ದೀರಿ, ಆದರೆ ಪ್ರೋಟೀನ್ ಸಾಲದೇ ಹೋದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ತೂಕದ ಯಂತ್ರ ಎರಡನ್ನೂ ಒಂದೇ ಸಂಖ್ಯೆಯಾಗಿ ತೋರಿಸುವುದರಿಂದ ಮನೆಯವರು ಸಂತೋಷಪಡುತ್ತಾರೆ, ಆದರೆ ಅದೇ ಹೊತ್ತಿಗೆ ಆಪರೇಷನ್ ಆದವರಿಗೆ ಮೆಟ್ಟಿಲು ಹತ್ತುವುದಕ್ಕೆ, ನೆಲದಿಂದ ಏಳುವುದಕ್ಕೆ ಶಕ್ತಿ ಸಾಲದಂತಾಗಿರುತ್ತದೆ.

ಈ ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಅನೇಕರಿಗೆ 80 ಗ್ರಾಂವರೆಗೂ ಹೇಳುತ್ತಾರೆ. ಈಗ ಗಂಜಿಯನ್ನು ಅಳೆಯೋಣ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಒಂದು ಲೋಟ ಗಂಜಿಗೆ ನೀವು ಹಾಕುವುದು ಎರಡು ಚಮಚ, ಅಂದರೆ ಹೆಚ್ಚೆಂದರೆ 20 ಗ್ರಾಂ ಹಿಟ್ಟು. ಅದರಲ್ಲಿ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ. ದಿನಕ್ಕೆ ಆರು ಸಲ ಕುಡಿಸಿದರೂ 9 ಗ್ರಾಂ ಮಾತ್ರ. ಉಳಿದ 51 ಗ್ರಾಂ ಎಲ್ಲಿಂದ ಬರಬೇಕು? ಹೆಚ್ಚು ಕುಡಿಸುತ್ತೇವೆ ಎನ್ನುವಂತಿಲ್ಲ, ಏಕೆಂದರೆ ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ. ಜಾಗ ಕಡಿಮೆಯಾಯಿತೆಂದರೆ ಒಂದೊಂದು ಚಮಚದಲ್ಲೂ ಹೆಚ್ಚು ಸತ್ವ ಇರಬೇಕು ಎಂದಲ್ಲವೇ ಅರ್ಥ? ನಾವು ಅದನ್ನು ಉಲ್ಟಾ ಮಾಡಿಕೊಂಡು, ಇರುವ ಚೂರು ಜಾಗವನ್ನು ನೀರಿನಿಂದ ಮತ್ತು ಹಿಟ್ಟಿನಿಂದ ತುಂಬಿಸುತ್ತೇವೆ.

ಇಲ್ಲಿಗೆ ಬಂದಾಗ ಮನೆಯವರು ಹೇಳುವ ಮುಂದಿನ ಮಾತು, “ಬೇಳೆಕಟ್ಟು ಕೊಡುತ್ತಿದ್ದೇವಲ್ಲ, ಬೇಳೆಯಲ್ಲಿ ಪ್ರೋಟೀನ್ ಇದೆಯಲ್ಲ.” ಇದೆ, ತೊಗರಿಬೇಳೆಯಲ್ಲಿ ನೂರಕ್ಕೆ 20 ಗ್ರಾಂಗಿಂತ ಹೆಚ್ಚೇ ಇದೆ. ಆದರೆ ಅದು ಇರುವುದು ಬೇಳೆಯಲ್ಲಿ, ಕಟ್ಟಿನಲ್ಲಿ ಅಲ್ಲ. ಬಸ್ಸಾರು ಮಾಡುವಾಗ ನೀವೇ ನೋಡುತ್ತೀರಿ: ಕಾಳು, ಸೊಪ್ಪು ಬೇಯಿಸಿ, ನೀರನ್ನು ಬಸಿದು ಸಾರಿಗೆ ಇಡುತ್ತೀರಿ, ಬೆಂದ ಕಾಳು ಮತ್ತು ಸೊಪ್ಪು ಪಲ್ಯವಾಗುತ್ತದೆ. ಸತ್ವದ ಬಹುಪಾಲು ಪಲ್ಯದ ಬಾಣಲೆಗೆ ಹೋಯಿತು, ರುಚಿ ಸಾರಿನ ಪಾತ್ರೆಗೆ ಬಂತು. ಆಪರೇಷನ್ ಆದವರಿಗೆ “ಹಗುರವಾಗಿರಲಿ” ಎಂದು ಸಾರನ್ನು ಕೊಟ್ಟು, ಪಲ್ಯವನ್ನು ಆರೋಗ್ಯವಾಗಿರುವವರೆಲ್ಲ ತಿಂದರೆ ಯಾರಿಗೆ ಬೇಕಿತ್ತೋ ಅವರಿಗೇ ತಪ್ಪಿದಂತಾಯಿತು. ಆ ಕಾಳನ್ನೇ ನುಣ್ಣಗೆ ಮಸೆದು ಎರಡು ಚಮಚ ಕೊಡಿ. ಎಳನೀರಿನಲ್ಲಿ ನೀರು, ಪೊಟ್ಯಾಸಿಯಂ, ಸ್ವಲ್ಪ ಸಕ್ಕರೆ ಇದೆ. ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಸಬ್ಬಕ್ಕಿ ಗಂಜಿಯಂತೂ ಹೆಚ್ಚುಕಡಿಮೆ ಬರೀ ಪಿಷ್ಟ.

ಕೊನೆಯ ವಾದ ರಾಗಿಯ ಕ್ಯಾಲ್ಸಿಯಂ. ರಾಗಿಯ ಬಗ್ಗೆ ನನಗೂ ಅಭಿಮಾನವಿದೆ. ನೂರು ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಧಾನ್ಯ ಬೇರೆ ಸಿಗುವುದು ಕಷ್ಟ. ಆದರೆ ನಿಮ್ಮ ಎರಡು ಚಮಚಕ್ಕೆ ಬರುವುದು ಎಪ್ಪತ್ತು ಚಿಲ್ಲರೆ ಮಿಲಿಗ್ರಾಂ, ಅದರಲ್ಲೂ ಎಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಇವರಿಗೆ ದಿನಕ್ಕೆ ಬೇಕಾದದ್ದು 1200ರಿಂದ 1500 ಮಿಲಿಗ್ರಾಂ. ಅದಕ್ಕೇ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿರುತ್ತಾರೆ, ಅದೂ ಹೆಚ್ಚಾಗಿ ಸಿಟ್ರೇಟ್ ರೂಪದ್ದು, ಏಕೆಂದರೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದಾಗಲೂ ಅದು ಹೀರಲ್ಪಡುತ್ತದೆ. ಗಂಜಿ ಕುಡಿಯುತ್ತಿದ್ದೇವೆಂದು ಆ ಮಾತ್ರೆಯನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ.

ಹಾಗೆಂದು ಗಂಜಿಯನ್ನು ಮನೆಯಿಂದ ಹೊರಗೆ ಹಾಕಿ ಎನ್ನುತ್ತಿಲ್ಲ. ಮೊದಲ ಎರಡು ವಾರದ ದ್ರವಾಹಾರದ ಅವಧಿಯಲ್ಲಿ ಅದಕ್ಕೊಂದು ಜಾಗ ಇತ್ತು, ಅದೂ ಹಾಲಿನಲ್ಲಿ ಕಾಯಿಸಿ ಪ್ರೋಟೀನ್ ಪುಡಿ ಬೆರೆಸಿದ್ದರೆ ಇನ್ನೂ ಒಳ್ಳೆಯದಿತ್ತು. ಮೂರು ನಾಲ್ಕನೆಯ ವಾರದ ನುಣ್ಣನೆಯ ಆಹಾರವನ್ನೂ ದಾಟಿ ನಿಮ್ಮ ತಾಯಿ ಈಗ ಮೆತ್ತಗಿನ ಆಹಾರದ ಹಂತಕ್ಕೆ ಬಂದಿರಬೇಕು. ನಿಮ್ಮ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ವಾರಗಳ ಲೆಕ್ಕ ಸ್ವಲ್ಪ ಬೇರೆ ಇದ್ದರೆ ಅದನ್ನೇ ಪಾಲಿಸಿ. ನಾಳೆಯಿಂದ ಗಟ್ಟಿ ಹೆಸರುಬೇಳೆ ತೊವ್ವೆ, ನೀರು ಬಸಿದ ಗಟ್ಟಿ ಮೊಸರು, ಪುಡಿ ಮಾಡಿದ ಪನೀರ್ ಕೊಡಿ. ಮನೆಯಲ್ಲಿ ತಿನ್ನುವ ರೂಢಿ ಇದ್ದರೆ ಎಣ್ಣೆ ಕಡಿಮೆ ಹಾಕಿದ ಮೆತ್ತಗಿನ ಮೊಟ್ಟೆ ಬುರ್ಜಿ, ಮುಳ್ಳು ತೆಗೆದು ಹಬೆಯಲ್ಲಿ ಬೇಯಿಸಿದ ಮೀನು ಆಗಬಹುದು. ಒಂದು ಮೊಟ್ಟೆಗೆ 6 ಗ್ರಾಂ, 50 ಗ್ರಾಂ ಪನೀರ್‌ಗೆ ಸುಮಾರು 9 ಗ್ರಾಂ, ನೂರು ಮಿಲಿಲೀಟರ್ ಹಾಲಿಗೆ 3 ಗ್ರಾಂ ಎಂದು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಇಷ್ಟೆಲ್ಲ ಮಾಡಿದರೂ ಮೊದಲ ತಿಂಗಳುಗಳಲ್ಲಿ 60 ಮುಟ್ಟುವುದು ಕಷ್ಟ, ಆದ್ದರಿಂದ ಪ್ರೋಟೀನ್ ಪುಡಿಯನ್ನು ಜಿಮ್ ಹುಡುಗರ ವಸ್ತು ಎಂದು ದೂರ ಇಡಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಬೇರೆ. ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮೂರು ನಾಲ್ಕು ತಿಂಗಳಾಗುವಾಗ ಕೂದಲು ಉದುರಲು ಶುರುವಾಗಬಹುದು. ತೂಕ ವೇಗವಾಗಿ ಇಳಿದಾಗ ಬಹಳ ಜನರಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಗಂಜಿಯ ಮೇಲೆಯೇ ಬದುಕಿದವರಲ್ಲಿ ಅದು ಹೆಚ್ಚು, ಮತ್ತು ಆಗ ಅಕ್ಕಪಕ್ಕದವರೆಲ್ಲ ಆಪರೇಷನ್ನನ್ನು ಬೈಯುತ್ತಾರೆ.

ಇನ್ನು ಮುದ್ದೆ. ನಿಮ್ಮ ತಾಯಿಗೆ ಆಗಿರುವುದು ನೀವು ವಿವರಿಸಿದಂತೆ ಸ್ಲೀವ್ ಆಪರೇಷನ್ ಇರಬೇಕು. ಅದರಲ್ಲಿ ಹೊಟ್ಟೆಯ ನಾಲ್ಕರಲ್ಲಿ ಮೂರು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಹಣ್ಣಿನಂಥ ಉದ್ದನೆಯ ಕೊಳವೆಯನ್ನು ಉಳಿಸುತ್ತಾರೆ. ತೂಕ ಇಳಿಸುವ ಇನ್ನೊಂದು ಆಪರೇಷನ್ನಾದ ಗ್ಯಾಸ್ಟ್ರಿಕ್ ಬೈಪಾಸ್ ಆದರೆ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಮಂಡ್ಯ, ಹಾಸನ, ತುಮಕೂರಿನ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ಪಕ್ಕದವರು ನಗುತ್ತಾರೆ. ಹಲ್ಲು ಮಾಡದೆ ಬಿಟ್ಟ ಕೆಲಸವನ್ನು ಇಷ್ಟು ಕಾಲ ಹೊಟ್ಟೆ ಕಲಸಿ, ಅರೆದು ಮಾಡುತ್ತಿತ್ತು. ಈಗ ಆ ಕಲಸುವ ಪಾತ್ರೆಯೇ ಹೋಗಿದೆ. ನುಂಗಿದ ತುತ್ತು ಇಳಿಯದೆ ನಿಂತರೆ ಎದೆಯ ನಡುವೆ ಒತ್ತಿದಂತಾಗುತ್ತದೆ, ಬಾಯಲ್ಲಿ ನೀರು ಸುರಿಯುತ್ತದೆ, ವಾಂತಿಯಾಗುವವರೆಗೆ ನೆಮ್ಮದಿ ಇರುವುದಿಲ್ಲ. ಮೆತ್ತಗಿನ ಅನ್ನ, ಬ್ರೆಡ್ಡು, ಬಿಸಿ ಚಪಾತಿಗಳಿಂದಲೂ ಇದೇ ತೊಂದರೆ ಬರುತ್ತದೆ.

ಆದ್ದರಿಂದ ಆ ದಿನ ಬಂದಾಗ ಮೊದಲು ಕಾಳು ಅಥವಾ ಮೊಟ್ಟೆ ತಿನ್ನಲಿ. ಆಮೇಲೆ ತುಸು ಮೆತ್ತಗೆ ತೊಳಸಿದ ಮುದ್ದೆಯನ್ನು ಒಟ್ಟು ಒಂದು ನೆಲ್ಲಿಕಾಯಿಯಷ್ಟು ತೆಗೆದುಕೊಂಡು, ಅದನ್ನೂ ಕಡಲೆಕಾಳಿನಷ್ಟು ಚೂರು ಮಾಡಿ, ಗಟ್ಟಿ ಮಸ್ಸೊಪ್ಪಿನಲ್ಲಿ ಹೊರಳಿಸಿ, ಬಾಯಲ್ಲಿ ಕರಗುವವರೆಗೆ ಅಗಿಯಲಿ. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಒಂದು ನಿಮಿಷ ಬಿಡಲಿ. ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಯಲಿ, ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಅರವತ್ತು ವರ್ಷ ನುಂಗಿದವರಿಗೆ ಅಗಿಯುವುದನ್ನು ಕಲಿಯುವುದು ಸಣ್ಣ ಕೆಲಸವಲ್ಲ. ಒಬ್ಬ ಹಿರಿಯರು ಮೂರು ತಿಂಗಳು ಕಲಿತು, ನನ್ನ ಎದುರೇ ಡಬ್ಬಿಯಿಂದ ಮುದ್ದೆ ತೆಗೆದು ಅಗಿದು ತೋರಿಸಿದಾಗ ನನಗಾದ ಹೆಮ್ಮೆಯನ್ನು ಇಲ್ಲಿ ಹೇಳದೆ ಇರಲಾರೆ.

ವಾಂತಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬಿ1 ಎಂಬ ಜೀವಸತ್ವ, ಅಂದರೆ ಥಯಾಮಿನ್, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ ಸಂಗ್ರಹವಾಗಿರುತ್ತದೆ. ಎರಡು ಮೂರು ದಿನಕ್ಕಿಂತ ಹೆಚ್ಚು ಕಾಲ ವಾಂತಿ ನಿಲ್ಲದಿದ್ದರೆ ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಸುಮ್ಮನಾಗಬೇಡಿ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಅಪಾಯವಾಗಬಹುದು. ಯಾವ ಆಸ್ಪತ್ರೆಗೆ ಹೋದರೂ “ತೂಕದ ಆಪರೇಷನ್ ಆಗಿದೆ, ಬಿ1 ಕೊಡಬೇಕೇ ನೋಡಿ” ಎಂದು ಮೊದಲ ಮಾತಾಗಿ ಹೇಳಿ. ನಡಿಗೆ ತೂರಾಡಿದರೆ, ಕಣ್ಣಿಗೆ ಎರಡೆರಡು ಕಂಡರೆ, ಮಾತು ಗೊಂದಲವಾದರೆ ಅದೇ ಗಳಿಗೆಯಲ್ಲಿ ಹೊರಡಿ. ಬಿ12 ಇದಕ್ಕೆ ತದ್ವಿರುದ್ಧ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಇರುವುದರಿಂದ ಮಾತ್ರೆ ಬಿಟ್ಟವರಿಗೆ ಮೊದಲು ಏನೂ ಆಗುವುದಿಲ್ಲ, ಕೊರತೆ ನಿಧಾನವಾಗಿ ಬಂದು ಕಾಲು ಜೋಮು ಹಿಡಿಯಲು ಆರಂಭವಾಗುತ್ತದೆ. ಮಾತ್ರೆಗಳು ಜೀವನಪೂರ್ತಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆಗೆ ನುಂಗಬಾರದು, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಬೇಕು.

ನೀವು ಕೇಳಿಲ್ಲ, ಆದರೆ ಇನ್ನು ಕೆಲವು ತಿಂಗಳಲ್ಲಿ ನಿಮ್ಮ ತಾಯಿ ಯಾವುದಾದರೂ ಮದುವೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಲೇಬೇಕಾಗುತ್ತದೆ, ಮತ್ತು ಜನ ಎಡವುವುದು ಅಲ್ಲಿಯೇ. ಎಲೆಯ ತುದಿಗೆ ಮೊದಲು ಪಾಯಸ ಬೀಳುತ್ತದೆ. ಸಕ್ಕರೆ ಸಣ್ಣ ಕರುಳಿಗೆ ಒಮ್ಮೆಲೇ ಇಳಿದರೆ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಆಗಬಹುದು. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಿಗೂ ಆಗುವುದುಂಟು. ಬೆಲ್ಲದ ಪಾಯಸವಾದರೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ, ಕರುಳಿಗೆ ಬೆಲ್ಲವೂ ಸಕ್ಕರೆಯೇ. ಮನೆಯಿಂದ ಹೊರಡುವ ಮುಂಚೆ ಒಂದು ಮೊಟ್ಟೆಯನ್ನೋ ಸ್ವಲ್ಪ ಪನೀರನ್ನೋ ತಿಂದು ಹೊರಡಲಿ. ಪಂಕ್ತಿಯಲ್ಲಿ ಅವರ ಪಕ್ಕ ನೀವೇ ಕುಳಿತು, ಹೋಳಿಗೆ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ. ಅವರೇ ಬೇಡವೆಂದರೆ “ಒಂದೇ ಒಂದು, ಶಾಸ್ತ್ರಕ್ಕೆ” ಎಂಬ ಒತ್ತಾಯ ನಿಲ್ಲುವುದಿಲ್ಲ, ಮಕ್ಕಳು ಹೇಳಿದರೆ ನಿಲ್ಲುತ್ತದೆ. ಅನ್ನವನ್ನು ಎಲೆಯಲ್ಲಿ ಬಿಟ್ಟು ಏಳಬಾರದು ಎಂದು ಕಲಿತು ಬೆಳೆದವರು ಅವರು. ಬಿಟ್ಟರೆ ಪಾಪ ಎಂದು ಕೊನೆಯ ಎರಡು ತುತ್ತನ್ನು ಬಲವಂತವಾಗಿ ನುಂಗಿ ಸಂಕಟಪಟ್ಟವರು ಎಷ್ಟೋ ಜನ. ಹಾಗಾಗಿ ಮೊದಲೇ ಒಂದೊಂದು ಚಮಚ ಮಾತ್ರ ಬಡಿಸಲು ಹೇಳಿ. ತಿಳಿಸಾರು ಅನ್ನವನ್ನು ಕಲಸಿ ಸುರಿದುಕೊಳ್ಳುವುದೂ ಊಟದ ಜೊತೆ ನೀರು ಕುಡಿದ ಹಾಗೆಯೇ, ಎರಡೂ ಬೇಡ. ಕೂಟಿನ ತರಕಾರಿ ಮತ್ತು ಕೋಸಂಬರಿಯ ಬೇಳೆಯನ್ನು ಚೆನ್ನಾಗಿ ಅಗಿದು ತಿನ್ನಲಿ. ಕೊನೆಗೆ ಬರುವ ಮಜ್ಜಿಗೆಯನ್ನು ಎಲೆಗೆ ಹಾಕಿಸದೆ ಒಂದು ಲೋಟಕ್ಕೆ ಹಾಕಿಸಿಕೊಳ್ಳಿ. ಎದ್ದು ಕೈ ತೊಳೆದು, ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬಹುದು.