ಲಾತೆರಾವ್: ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ, ಪಕ್ಕದವನು

ಬ್ರೆಜಿಲ್‌ನ ಫುಟ್‌ಬಾಲ್ ಕಾಮೆಂಟರಿಯನ್ನು ಐದು ನಿಮಿಷ ಕೇಳಿ ನೋಡಿ. ಪೋರ್ಚುಗೀಸ್ ಒಂದಕ್ಷರ ಬಾರದಿದ್ದರೂ ಒಂದು ಪದ ಕಿವಿಗೆ ಬಿದ್ದೇ ಬೀಳುತ್ತದೆ. ಲಾತೆರಾವ್. ಬರೆಯುವಾಗ ಅದು ಲಾತೆರಾಲ್. ಆದರೆ ಪದದ ಕೊನೆಗೆ ಬರುವ 'ಲ್' ಅನ್ನು ಅಲ್ಲಿನವರು 'ವ್' ಅಂತ ಮೆತ್ತಗೆ ಮಾಡಿಬಿಡುತ್ತಾರೆ. ತಮ್ಮ ದೇಶದ ಹೆಸರನ್ನೇ ಅವರು ಹೇಳುವುದು ಹೆಚ್ಚುಕಡಿಮೆ 'ಬ್ರಜೀವ್' ಅಂತ.

ಪದದ ಅರ್ಥ ಇಷ್ಟೇ: ಪಕ್ಕದ್ದು, ಬದಿಯದು. ಚೆಂಡು ಮೈದಾನದ ಪಕ್ಕದ ಗೆರೆ ದಾಟಿದಾಗ ಎರಡೂ ಕೈಯಿಂದ ಎಸೆಯುತ್ತಾರಲ್ಲ, ಆ ಥ್ರೋ-ಇನ್‌ಗೂ ಲಾತೆರಾವ್ ಅಂತಲೇ ಹೆಸರು. ಆ ಗೆರೆಯ ಹೆಸರಲ್ಲೂ ಅದೇ ಪದ. ಆ ಗೆರೆಗೆ ಅಂಟಿಕೊಂಡು ಆಡುವ ಡಿಫೆಂಡರ್ ಕೂಡ ಲಾತೆರಾವ್.

ಈ ಡಿಫೆಂಡರ್‌ಗೆ ನಾವು ಇಂಗ್ಲಿಷಿನಿಂದ ತಂದುಕೊಂಡಿರುವ ಪದ ಫುಲ್‌ಬ್ಯಾಕ್. ಅದರಲ್ಲಿ 'ಬ್ಯಾಕ್' ಇದೆ. ಅಂದರೆ ನಿನ್ನ ಜಾಗ ಹಿಂದೆ, ಗೋಲು ಕಾಯಿ ಅಂತ ಹೆಸರೇ ಹೇಳಿಬಿಡುತ್ತದೆ. ಬ್ರೆಜಿಲ್‌ನ ಪದ ಹಾಗಲ್ಲ. ಯಾವ ಬದಿ ಅಂತ ಮಾತ್ರ ಹೇಳುತ್ತದೆ, ಎಷ್ಟು ಹಿಂದೆ, ಎಷ್ಟು ಮುಂದೆ ಅಂತ ಹೇಳುವುದಿಲ್ಲ. ಈ ಕಡೆ ಗೋಲಿನಿಂದ ಆ ಕಡೆ ಗೋಲಿನವರೆಗೆ ಆ ಬದಿಯ ಪಟ್ಟಿ ಪೂರ್ತಿ ಅವನದು. ನನ್ನ ಪ್ರಕಾರ ಬ್ರೆಜಿಲ್ ಡಿಫೆಂಡರ್‌ಗಳನ್ನು ಅರ್ಥ ಮಾಡಿಕೊಳ್ಳಲು ಇದೊಂದು ಪದ ಸಾಕು.

ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್‌ಗೆ ಅಲ್ಲಿ ಬೇರೆಯೇ ಹೆಸರು, ಜಾಗೇರು. ಸೈನ್ಯದ ಹಿಂಬದಿ ಅನ್ನುವ ಅರ್ಥದ ಅರಬ್ಬಿ ಪದದ ಮೂಲ ಅದಕ್ಕೆ. ಅವನ ಕೆಲಸ ನಿಜಕ್ಕೂ ಹಿಂದೆ ನಿಂತು ಕಾಯುವುದು. ಡಿಫೆಂಡರ್ ಅನ್ನುವ ಒಂದೇ ಚೀಲಕ್ಕೆ ನಾವು ಇಬ್ಬರನ್ನೂ ತುಂಬುತ್ತೇವೆ, ಅವರು ತುಂಬುವುದಿಲ್ಲ. ಅಂಗಿಯ ನಂಬರಿನಲ್ಲೂ ಈ ಲೆಕ್ಕ ಕಾಣುತ್ತದೆ. ಅಲ್ಲಿ ಬಲಗಡೆಯ ಲಾತೆರಾವ್‌ಗೆ 2, ಎಡಗಡೆಯವನಿಗೆ 6, ನಡುವಿನ ಇಬ್ಬರಿಗೆ 3 ಮತ್ತು 4. ಎಡಗಡೆಯ ಲಾತೆರಾವ್ ರೊಬೆರ್ಟೊ ಕಾರ್ಲೊಸ್ ನೆನಪಿದೆಯಲ್ವಾ? ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಆಡುವಾಗ ಅವನ ಬೆನ್ನ ಮೇಲೆ 3, ಬ್ರೆಜಿಲ್‌ಗೆ ಆಡುವಾಗ 6. ಆಡುವ ಜಾಗ ಒಂದೇ, ಊರಿನ ಲೆಕ್ಕ ಬೇರೆ.

ಈ ಪದಕ್ಕೆ ಈಗಿರುವ ಅರ್ಥ ಒಂದೇ ದಿನದಲ್ಲಿ ಬಂದದ್ದಲ್ಲ. 1958ರ ವಿಶ್ವಕಪ್ಪಿನಲ್ಲಿ ಆಸ್ಟ್ರಿಯಾ ಎದುರಿನ ಪಂದ್ಯ. ಎಡಗಡೆಯ ಡಿಫೆಂಡರ್ ನಿಲ್ಟನ್ ಸಾಂಟೊಸ್ ಚೆಂಡು ಹಿಡಿದುಕೊಂಡು ಮುಂದೆ ಹೊರಟೇಬಿಟ್ಟ. ಆ ಕಾಲಕ್ಕೆ ಅದು ಅಧಿಕಪ್ರಸಂಗ. ಕೋಚ್ ವಿಸೆಂಟೆ ಫಿಯೊಲಾ 'ವಾಪಸ್ ಬಾ, ವಾಪಸ್ ಬಾ' ಅಂತ ಕೂಗುತ್ತಲೇ ಇದ್ದರಂತೆ. ಗೋಲಾದ ಕೂಡಲೇ ಅದೇ ಬಾಯಲ್ಲಿ 'ಭೇಷ್ ನಿಲ್ಟನ್' ಅಂದರಂತೆ. ಈ ಕತೆ ಬ್ರೆಜಿಲ್‌ನಲ್ಲಿ ಎಲ್ಲರ ಬಾಯಲ್ಲೂ ಇದೆ. ಪಂದ್ಯ 3-0, ಅದರಲ್ಲಿ ಎರಡನೇ ಗೋಲು ಅವನದು. ಬೊಟಾಫೊಗೊ ಕ್ಲಬ್ಬಿನ ಮೈದಾನಕ್ಕೆ ಇವತ್ತು ಅವನದೇ ಹೆಸರು.

ಲಾತೆರಾವ್ ಕೆಲಸ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ 1970ರ ಫೈನಲ್ಲಿನ ಕೊನೆಯ ಗೋಲು ನೋಡಿ. ಮೆಕ್ಸಿಕೊ ಸಿಟಿ, ಎದುರಾಳಿ ಇಟಲಿ, 86ನೇ ನಿಮಿಷ. ಬ್ರೆಜಿಲ್‌ನ ಬಲಗಡೆ ವಿಂಗರ್, ಅಂದರೆ ಆ ಬದಿಯಲ್ಲಿ ಮುಂದೆ ನಿಂತು ದಾಳಿ ಮಾಡುವ ಜೈರ್‌ಜಿನ್ಯೊ ತನ್ನ ಜಾಗ ಬಿಟ್ಟು ಎಡಗಡೆಗೆ ಬಂದಿದ್ದಾನೆ. ಅವನನ್ನೇ ಕಾಯುತ್ತಿದ್ದ ಇಟಲಿಯ ಫಕ್ಕೆಟ್ಟಿ ಬಾಲದ ಹಾಗೆ ಹಿಂದೆಯೇ ಬಂದಿದ್ದಾನೆ. ಹೀಗಾಗಿ ಮೈದಾನದ ಬಲಗಡೆ ಖಾಲಿ, ಒಬ್ಬರೂ ಇಲ್ಲ. ಚೆಂಡು ಜೈರ್‌ಜಿನ್ಯೊನಿಂದ ಪೆಲೆಗೆ ಬಂತು. ಪೆಲೆ ಅವಸರ ಮಾಡಲಿಲ್ಲ. ಸುಮ್ನೆ ಬಲಗಡೆಗೆ ಉರುಳಿಸಿದ. ಕ್ಯಾಮೆರಾದಲ್ಲಿ ಅಲ್ಲಿ ಯಾರೂ ಕಾಣುವುದಿಲ್ಲ. ಒಂದು ಕ್ಷಣ ಬಿಟ್ಟು ಕಾರ್ಲೊಸ್ ಆಲ್ಬೆರ್ಟೊ ಓಡಿ ಬರುತ್ತಾನೆ, ಹೊಡೆಯುತ್ತಾನೆ, ಗೋಲು. ತಂಡದ ನಾಯಕ ಅವನೇ. ಅವನ ಜಾಗ? ಬಲಗಡೆಯ ಲಾತೆರಾವ್.

ಗುಟ್ಟು ಇಷ್ಟೇ. ವಿಂಗರ್ ಒಳಗೆ ಸರಿದು ದಾರಿ ಬಿಡಿಸಬೇಕು. ಆ ದಾರಿಯಲ್ಲಿ ಹಿಂದಿನಿಂದ ಒಬ್ಬ ಓಡಿಬರಬೇಕು. ನಿಂತಿರುವವನನ್ನು ಕಾಯಬಹುದು, ಐವತ್ತು ಮೀಟರ್ ದೂರದಿಂದ ಓಡಿಬರುವವನನ್ನು ಯಾರು ಕಾಯುತ್ತಾರೆ?

ಇಷ್ಟು ಹೇಳಿದ ಮೇಲೆ ಬ್ರೆಜಿಲ್‌ನ ಬಲಗಡೆಯ ಲಾತೆರಾವ್ ಕಾಫು ಬರಲೇಬೇಕು. ಪೂರ್ತಿ ಹೆಸರು ಮಾರ್ಕೊಸ್ ಇವಾಂಜೆಲಿಸ್ಟಾ ಡಿ ಮೊರಾಯಿಸ್. ಹುಟ್ಟಿದ್ದು 1970ರ ಜೂನ್ 7, ಅದೇ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಇಂಗ್ಲೆಂಡನ್ನು 1-0 ಸೋಲಿಸಿದ ದಿನ. ಬೆಳೆದದ್ದು ಸಾವೊ ಪಾಲೊದ ಬಡವರ ಬಡಾವಣೆ ಜಾರ್ಡಿಂ ಇರೇನೆಯಲ್ಲಿ. 'ಕಾಫು' ಅನ್ನುವುದು ಕಾಫುರಿಂಗಾ ಅನ್ನುವ ಹಳೆಯ ವಿಂಗರ್‌ನಿಂದ ಬಂದ ಅಡ್ಡಹೆಸರು. ನೋಡಿ, ಡಿಫೆಂಡರ್‌ಗೆ ಸಿಕ್ಕ ಹೆಸರೂ ಮುಂದೆ ಆಡುವವನದು. ಹುಡುಗನಾಗಿದ್ದಾಗ ಆಯ್ಕೆಗೆ ಹೋದ ಹಲವು ಕ್ಲಬ್‌ಗಳು ಅವನನ್ನು ಬೇಡ ಅಂತ ವಾಪಸ್ ಕಳಿಸಿದ್ದವು.

ಕೊನೆಗೆ ಸಾವೊ ಪಾಲೊ ಕ್ಲಬ್ ಸೇರಿದ. ಮಿಡ್‌ಫೀಲ್ಡರ್ ಆಗಿದ್ದ ಅವನನ್ನು ಬಲಗಡೆಯ ಲಾತೆರಾವ್ ಮಾಡಿದವರು ಕೋಚ್ ಟೆಲೆ ಸಾಂಟಾನ. ಅದೂ ಒಂದೇ ಏಟಿಗೆ ಆಗಲಿಲ್ಲ. 1992ರಲ್ಲಿ ಟೋಕಿಯೊದಲ್ಲಿ ಬಾರ್ಸಿಲೋನಾವನ್ನು 2-1 ಸೋಲಿಸಿದಾಗ ಆ ಜಾಗದಲ್ಲಿ ವಿಟೊರ್ ಇದ್ದ, ಕಾಫು ಅವನ ಮುಂದೆ ಆಡಿದ್ದ. ಮರುವರ್ಷ ಅದೇ ಊರಿನಲ್ಲಿ ಇಟಲಿಯ ಮಿಲಾನ್ ತಂಡವನ್ನು 3-2 ಸೋಲಿಸಿದಾಗ ಅವನು ಡಿಫೆನ್ಸಿಗೆ ಬಂದಾಗಿತ್ತು. ಹತ್ತು ವರ್ಷ ಬಿಟ್ಟು, 2003ರಲ್ಲಿ, ಅದೇ ಮಿಲಾನ್ ಅವನನ್ನು ಕರೆದುಕೊಂಡಿತು. ಆಗ ವಯಸ್ಸು 33. ಡಿಫೆಂಡರ್‌ಗಳ ಪೈಕಿ ಎಲ್ಲರಿಗಿಂತ ಜಾಸ್ತಿ ಓಡುವ ಜಾಗ ಇದು, ಆ ವಯಸ್ಸಿನಲ್ಲಿ ಅಲ್ಲಿ ಆಡಿಸಲು ಧೈರ್ಯ ಬೇಕು. ಅವನು ಇನ್ನೂ ಐದು ವರ್ಷ ಆಡಿದ.

ನಡುವೆ ಆರು ವರ್ಷ ಇಟಲಿಯದೇ ರೋಮಾ ಕ್ಲಬ್. ಅಲ್ಲಿನವರು ಇಟ್ಟ ಹೆಸರು 'ಪೆಂಡೊಲಿನೊ', ಅಂದರೆ ಪುಟ್ಟ ಲೋಲಕ. ಇಟಲಿಯಲ್ಲಿ ಆ ಹೆಸರಿನ ಎಕ್ಸ್‌ಪ್ರೆಸ್ ರೈಲೂ ಇದೆ. ಹೋಗುತ್ತದೆ, ಬರುತ್ತದೆ, ಹೋಗುತ್ತದೆ, ಬರುತ್ತದೆ. ಲಾತೆರಾವ್ ಪದಕ್ಕೆ ಇದಕ್ಕಿಂತ ಒಳ್ಳೆಯ ಅನುವಾದ ನನಗಂತೂ ಸಿಕ್ಕಿಲ್ಲ. 2001ರಲ್ಲಿ ರೋಮಾ ಇಟಲಿಯ ಲೀಗ್ ಗೆದ್ದಿತು.

ವಿಶ್ವಕಪ್ ಫೈನಲ್ ಲೆಕ್ಕ ಇನ್ನೂ ಮಜವಾಗಿದೆ. 1994ರ ಫೈನಲ್ಲಿನಲ್ಲಿ ಅವನು ಬೆಂಚಿನಲ್ಲಿ ಕೂತಿದ್ದ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬಲಗಡೆಯ ಲಾತೆರಾವ್ ಜೊರ್ಜಿನ್ಯೊಗೆ ಪೆಟ್ಟಾಯಿತು, ಕಾಫು ಒಳಗೆ ಬಂದ. 1998ರಲ್ಲಿ ಫ್ರಾನ್ಸ್ ಎದುರು 3-0 ಸೋಲು. 2002ರಲ್ಲಿ ನಾಯಕ ಎಮರ್ಸನ್ ಅಭ್ಯಾಸದ ವೇಳೆ ತಮಾಷೆಗೆ ಗೋಲ್‌ಕೀಪರ್ ಆಗಿ ನಿಂತು ಭುಜದ ಕೀಲು ತಪ್ಪಿಸಿಕೊಂಡ, ನಾಯಕತ್ವ ಕಾಫುಗೆ ಬಂತು. ಯೊಕೊಹಾಮದಲ್ಲಿ ಜರ್ಮನಿಯನ್ನು 2-0 ಸೋಲಿಸಿ ಕಪ್ ಎತ್ತುವಾಗ ಅವನ ಅಂಗಿಯ ಮೇಲೆ ಕೈಬರಹದಲ್ಲಿ '100% ಜಾರ್ಡಿಂ ಇರೇನೆ' ಅಂತಿತ್ತು. ಪುರುಷರ ಫುಟ್‌ಬಾಲ್‌ನಲ್ಲಿ 2022ರವರೆಗೆ ಮೂರು ವಿಶ್ವಕಪ್ ಫೈನಲ್ ಆಡಿದ ಆಟಗಾರ ಇವನೊಬ್ಬನೇ. ದೇಶಕ್ಕಾಗಿ ಆಡಿದ ಪಂದ್ಯ 142. ಬ್ರೆಜಿಲ್ ಪುರುಷರ ತಂಡದಲ್ಲಿ ಅಷ್ಟು ಆಡಿದವರು ಇನ್ನೊಬ್ಬರಿಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಪಕ್ಕದಲ್ಲಿ ಕಾಫುಗೂ ಒಂದು ಜಾಗ ಕೊಡಬಹುದಿತ್ತು ಅನ್ನುವುದು ನನ್ನ ಸಣ್ಣ ತಕರಾರು.

ಅಂದಹಾಗೆ 2002ರ ತಂಡದಲ್ಲಿ ನಡುವೆ ಮೂವರು ಜಾಗೇರುಗಳಿದ್ದರು. ಹಾಗಿದ್ದಾಗ ಬದಿಯವರು ಇನ್ನಷ್ಟು ಮುಂದೆ ನಿಲ್ಲುತ್ತಾರೆ. ಆಗ ಅವರಿಗೆ 'ಆಲಾ' ಅನ್ನುತ್ತಾರೆ, ರೆಕ್ಕೆ ಅಂತ ಅರ್ಥ.

ಈ ಓಡಾಟಕ್ಕೆ ಬೆಲೆಯೂ ಇದೆ. ಲಾತೆರಾವ್ ಮುಂದೆ ಹೋದಾಗ ಹಿಂದೆ ಜಾಗ ಖಾಲಿ ಬೀಳುತ್ತದೆ. ಅದಕ್ಕೆ ಬ್ರೆಜಿಲ್‌ನವರ ಪದ 'ಅವೆನೀಡಾ', ಅಂದರೆ ದೊಡ್ಡ ರಸ್ತೆ. ಅವನ ಬೆನ್ನ ಹಿಂದೆ ರಸ್ತೆ ತೆರೆದಿದೆ ಅಂತ ಬೈಯುವುದು ಅಲ್ಲಿ ಮಾಮೂಲು. 2014ರಲ್ಲಿ ಬೆಲೊ ಒರಿಜೊಂಟೆಯಲ್ಲಿ ಜರ್ಮನಿ 7-1 ಹೊಡೆದ ದಿನ ಎಡಗಡೆಯ ಮಾರ್ಸೆಲೊ ಈ ಬೈಗುಳ ಸಾಕಷ್ಟು ತಿಂದ. ಅವನ ಜಾಗ ಮುಚ್ಚಬೇಕಿದ್ದ ನಡುವಿನವರೂ ಅವತ್ತು ಎಲ್ಲೋ ಕಳೆದುಹೋಗಿದ್ದರು ಅನ್ನುವುದನ್ನು ಮರೆಯಬಾರದು.

ಈಗ ಅಲ್ಲಿನವರ ಗೊಣಗಾಟ ಬೇರೆ. ಹಿಂದೆ ಸಾಲುಗಟ್ಟಿ ಬರುತ್ತಿದ್ದ ಲಾತೆರಾವ್‌ಗಳು ಈಗ ಎಲ್ಲಿ ಹೋದರು ಅಂತ. 2022ರ ಕ್ವಾರ್ಟರ್ ಫೈನಲ್ಲಿನಲ್ಲಿ ಕ್ರೊಯೇಷಿಯಾ ಎದುರು ಬಲಗಡೆ ಆಡಿದವನು ಮಿಲಿಟಾವೊ, ಅಸಲಿಗೆ ಜಾಗೇರು. ಬಲಗಡೆಯ ಡ್ಯಾನಿಲೊ, ಗಾಯಾಳುಗಳ ಜಾಗ ತುಂಬಲು, ಎಡಗಡೆಗೆ ಹೋಗಿದ್ದ. ಅವನ ಅಂಗಿಯ ಮೇಲಿದ್ದ ನಂಬರ್ 2.