ಗಡಿ ಹೋಯಿತು, ಹಳಿ ಉಳಿಯಿತು
ಪೋಲೆಂಡಿನ ರೈಲ್ವೆ ನಕ್ಷೆ ನೋಡಿದ್ದೀರಾ? ಪಶ್ಚಿಮದಲ್ಲಿ ಹಳಿಗಳು ಒತ್ತೊತ್ತಾಗಿವೆ. ಪೂರ್ವಕ್ಕೆ ಹೋದಂತೆ ಅಲ್ಲೊಂದು, ಇಲ್ಲೊಂದು. ಮಧ್ಯೆ ಬೆಟ್ಟವೂ ಇಲ್ಲ, ಮರುಭೂಮಿಯೂ ಇಲ್ಲ. ಅಲ್ಲಿದ್ದದ್ದು ಜರ್ಮನಿ ಮತ್ತು ರಷ್ಯಾ ಸಾಮ್ರಾಜ್ಯಗಳ ಗಡಿ. ಅದು ಅಳಿಸಿಹೋಗಿ ನೂರು ವರ್ಷದ ಮೇಲಾಯಿತು.

1569ರಲ್ಲಿ ಲಿಥುವೇನಿಯಾ ಜೊತೆ ಒಂದಾದಾಗ ಪೋಲೆಂಡ್ ಯುರೋಪಿನ ದೊಡ್ಡ ರಾಜ್ಯಗಳಲ್ಲಿ ಒಂದು. ಅಲ್ಲಿ ರಾಜನನ್ನೇ ಕುಲೀನರು ಸೇರಿ ಆರಿಸುತ್ತಿದ್ದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಅವರ ಸಂಸತ್ತು 'ಸೇಮ್'ನಲ್ಲಿ ಒಬ್ಬೇ ಒಬ್ಬ ಸದಸ್ಯ ಎದ್ದು 'ನಾನೊಪ್ಪಲ್ಲ' ಅಂದರೆ ಸಾಕು, ಆ ಅಧಿವೇಶನದಲ್ಲಿ ಅಲ್ಲಿವರೆಗೆ ಒಪ್ಪಿಗೆಯಾದ ಕಾನೂನುಗಳೂ ಸೇರಿ ಎಲ್ಲವೂ ಬಿದ್ದುಹೋಗುತ್ತಿತ್ತು. ನೆರೆಯ ರಾಜರಿಗೆ ಇದಕ್ಕಿಂತ ಇನ್ನೇನು ಬೇಕು? ದುಡ್ಡು ಕೊಟ್ಟು ಒಬ್ಬನನ್ನು ಹಿಡಿದರಾಯಿತು. 1791ರ ಮೇ 3ರ ಸಂವಿಧಾನ ಈ ವೀಟೋವನ್ನು ಕಿತ್ತುಹಾಕಿತು, ನಿಜ, ಆದರೆ ಕಾಲ ಮೀರಿತ್ತು. ರಷ್ಯಾ, ಪ್ರಷ್ಯಾ (ಮುಂದೆ ಜರ್ಮನಿ ಸಾಮ್ರಾಜ್ಯಕ್ಕೆ ಸೇರಿದ ರಾಜ್ಯ), ಆಸ್ಟ್ರಿಯಾ 1772ರಲ್ಲೇ ಒಂದು ತುಂಡು ಕತ್ತರಿಸಿಕೊಂಡಿದ್ದವು. 1793 ಮತ್ತು 1795ರಲ್ಲಿ ಉಳಿದದ್ದೂ ಹೋಯಿತು. 123 ವರ್ಷ ನಕ್ಷೆಯಲ್ಲಿ ಪೋಲೆಂಡೇ ಇರಲಿಲ್ಲ.

ರೈಲು ಬಂದದ್ದು ಈ 123 ವರ್ಷಗಳ ನಡುವೆ. ಆಗ ರಷ್ಯಾದ ಹಳಿಯ ಅಗಲ 1,524 ಮಿ.ಮೀ., ಪಶ್ಚಿಮ ಯುರೋಪಿನದ್ದು 1,435. ಒಂಬತ್ತು ಸೆಂಟಿಮೀಟರೂ ಇಲ್ಲದ ವ್ಯತ್ಯಾಸ, ಆದರೂ ಗಾಡಿ ಮುಂದೆ ಹೋಗಲ್ಲ. ಮೀಟರ್ ಗೇಜ್ ಕಾಲ ನೋಡಿದವರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ತಮಾಷೆ ಅಂದರೆ, ವಾರ್ಸಾ ರಷ್ಯಾದ ಕೈಯಲ್ಲೇ ಇದ್ದರೂ ಅಲ್ಲಿಂದ ವಿಯೆನ್ನಾ ಕಡೆಗೆ ಹೋಗುವ ಹಳಿ ಕಿರಿದು. ಹಾಗಾಗಿ ಒಂದೇ ಊರಲ್ಲಿ ವಿಸ್ಟುಲಾ ನದಿಯ ಈಚೆ ದಡದ ನಿಲ್ದಾಣಕ್ಕೆ ಒಂದು ಅಳತೆ, ಪೀಟರ್ಸ್‌ಬರ್ಗ್ ಗಾಡಿ ಹೊರಡುವ ಆಚೆ ದಡಕ್ಕೆ ಇನ್ನೊಂದು.

1918ರಲ್ಲಿ ದೇಶ ವಾಪಸ್ ಬಂತು, ಜೊತೆಗೆ ಮೂರು ಸಾಮ್ರಾಜ್ಯಗಳ ಸಾಮಾನೂ ಬಂತು. ಜೇಬಿನಲ್ಲಿ ಮಾರ್ಕ್, ಕ್ರೌನ್, ರೂಬಲ್. ಒಂದು ಕಡೆ ಜರ್ಮನ್ ಕಾನೂನು, ಒಂದು ಕಡೆ ಆಸ್ಟ್ರಿಯಾದ್ದು, ವಾರ್ಸಾ ಸುತ್ತ ನೆಪೋಲಿಯನ್ ಕಾಲದ ಸಂಹಿತೆ. ಈಗಿನ ನಾಣ್ಯ ಜ್ವಾಟಿ ಬಂದದ್ದು 1924ರಲ್ಲಿ. ಸಿವಿಲ್ ಕಾನೂನು ಪೂರ್ತಿ ಒಂದಾಗಲು ಎರಡನೇ ಮಹಾಯುದ್ಧವೇ ಮುಗಿಯಬೇಕಾಯಿತು.

ಚುನಾವಣೆ ಫಲಿತಾಂಶದ ನಕ್ಷೆಯಲ್ಲೂ ಈ ಹಳೇ ಗೆರೆ ಆಗಾಗ ಕಾಣುತ್ತದೆ. ಹಾಗಂತ ಎಲ್ಲವನ್ನೂ 1795ರ ತಲೆಗೆ ಕಟ್ಟೋಕಾಗಲ್ಲ. 1945ರಲ್ಲಿ ಇಡೀ ದೇಶವೇ ಪಶ್ಚಿಮಕ್ಕೆ ಸರಿಯಿತು. ಪೂರ್ವದ ಲ್ವಿವ್ ಕೈಬಿಟ್ಟು ಜರ್ಮನಿಯ ಬ್ರೆಸ್ಲಾವ್ ಸಿಕ್ಕಿತು, ಅದೇ ಈಗಿನ ವ್ರೋಟ್ಸ್ವಾಫ್. ಅಲ್ಲಿದ್ದ ಜರ್ಮನರನ್ನು ಹೊರಹಾಕಿ, ಬೇರೆ ಬೇರೆ ಕಡೆಯಿಂದ ಬಂದ ಪೋಲಿಷರನ್ನು ನೆಲೆಗೊಳಿಸಿದರು. ಪಶ್ಚಿಮದ ಎಷ್ಟೋ ಹಳಿ, ನಿಲ್ದಾಣಗಳನ್ನು ಕಟ್ಟಿದವರೂ ಆ ಜರ್ಮನರೇ.