ವಿಂಬಲ್ಡನ್ ತಟ್ಟೆ ನಕಲಿಯೇ?

ಪ್ರಶ್ನೆ: ವಿಂಬಲ್ಡನ್ ಮಹಿಳಾ ಸಿಂಗಲ್ಸ್ ವಿಜೇತೆಗೆ ಕೊಡುವ ಬೆಳ್ಳಿ ತಟ್ಟೆ ಬೇರೊಂದು ಹಳೆಯ ತಟ್ಟೆಯ ಪ್ರತಿ ಎಂದು ಓದಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇಂಥ ಪ್ರತಿಗಳಿವೆಯಂತೆ. ಇವನ್ನು ನಕಲಿ ಎಂದು ಕರೆಯಬಹುದೇ?

ಉತ್ತರ: ಕರೆಯಲಾಗದು. ಮೂಲವೇ ತಾನೆಂದು ನಂಬಿಸಲು ಹೊರಟ ವಸ್ತು ನಕಲಿ. ಇವು ತಮ್ಮ ಹುಟ್ಟನ್ನು ಮುಚ್ಚಿಡುವುದಿಲ್ಲ. ಇವಕ್ಕೆ ಕನ್ನಡದ ‘ಪಡಿಯಚ್ಚು’ ಎಂಬ ಮಾತು ಅಕ್ಷರಶಃ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಎಲೆಕ್ಟ್ರೋಟೈಪ್ ಎನ್ನುತ್ತಾರೆ.

ರಷ್ಯಾದಲ್ಲಿದ್ದ ವಿಜ್ಞಾನಿ ಮೊರಿಟ್ಜ್ ಯಾಕೋಬಿ 1838ರಲ್ಲಿ ಪ್ರಕಟಿಸಿದ ವಿಧಾನವಿದು. ಮೂಲವಸ್ತುವಿನ ಮೇಲೆ ಗಟಾಪರ್ಚಾ ಎಂಬ ಮರದ ಅಂಟನ್ನು ಬಿಸಿಯಾಗಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಅದರ ಒಳಮೈಗೆ ವಿದ್ಯುತ್ ಹರಿಯುವಂತೆ ಗ್ರಾಫೈಟ್ ಪುಡಿ ಸವರಿ, ಮೈಲುತುತ್ತಿನ ದ್ರಾವಣದಲ್ಲಿ, ಅಂದರೆ ನಮ್ಮ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ನೀಲಿ ಹರಳಿನ ನೀರಿನಲ್ಲಿ, ತಾಮ್ರದ ಹಲಗೆಯೊಂದರ ಎದುರು ತೂಗುಬಿಡುತ್ತಿದ್ದರು. ವಿದ್ಯುತ್ ಹಾಯಿಸಿದಾಗ ಹಲಗೆಯ ತಾಮ್ರ ಕರಗಿ, ಅಚ್ಚಿನೊಳಗೆ ಕಣಕಣವಾಗಿ ಕೂತು, ಕೊನೆಗೆ ಗಟ್ಟಿ ಚಿಪ್ಪಾಗುತ್ತಿತ್ತು. ಅಚ್ಚನ್ನು ಬಿಡಿಸಿ, ಭಾಗಗಳನ್ನು ಬೆಸೆದು, ಬೆಳ್ಳಿಯ ಅಥವಾ ಚಿನ್ನದ ಲೇಪ ಕೊಟ್ಟರೆ ಕೆಲಸ ಮುಗಿಯಿತು. ಕಾಯಿಸಿ ಹೊಯ್ದ ಎರಕ ಆರುವಾಗ ಕುಗ್ಗುತ್ತದೆ; ಇಲ್ಲಿ ಲೋಹವನ್ನು ಕಾಯಿಸುವುದೇ ಇಲ್ಲವಾದ್ದರಿಂದ ಅಳತೆ ಕೆಡುವುದಿಲ್ಲ, ಕುಸುರಿಗಾರನ ಉಳಿ ಜಾರಿದ ಗೀಟೂ ಉಳಿದುಬರುತ್ತದೆ.

ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿ ಇದನ್ನು ದೊಡ್ಡ ಉದ್ಯಮವಾಗಿಸಿತು. ನೀವು ಹೇಳಿದ, ಆಗ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಎನಿಸಿದ್ದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ನಿರ್ದೇಶಕ ಹೆನ್ರಿ ಕೋಲ್ ಅವರಿಗೆ ಬೇಕಿದ್ದದ್ದು, ಪರದೇಶಗಳ ಖಜಾನೆಗಳಲ್ಲಿರುವ ಕುಸುರಿಯನ್ನು ಬ್ರಿಟನ್ನಿನ ವಿದ್ಯಾರ್ಥಿಗಳೂ ಕುಶಲಕರ್ಮಿಗಳೂ ಕಣ್ಣಾರೆ ನೋಡುವುದು. ಅವರ ಪ್ರಯತ್ನದಿಂದ 1867ರಲ್ಲಿ, ಪ್ಯಾರಿಸ್ ಪ್ರದರ್ಶನದ ಸಂದರ್ಭದಲ್ಲಿ, ಕಲಾಕೃತಿಗಳ ಪ್ರತಿರೂಪಗಳನ್ನು ಪರಸ್ಪರ ಒದಗಿಸುವ ಒಪ್ಪಂದಕ್ಕೆ ಯುರೋಪಿನ 15 ರಾಜಕುಮಾರರು ಸಹಿ ಹಾಕಿದರು. ಲಂಡನ್ನಿನಲ್ಲಿ 1730ರ ದಶಕದಲ್ಲಿ ತಯಾರಾಗಿ ರಷ್ಯಾದ ಅರಮನೆ ಸೇರಿದ್ದ, ಸುಮಾರು ಕಾಲು ಟನ್ ತೂಕದ ಜೆರ್ನಿಂಗ್‌ಹ್ಯಾಮ್ ಬೆಳ್ಳಿ ಕೊಪ್ಪರಿಗೆ 1884ರ ಪಡಿಯಚ್ಚಿನ ರೂಪದಲ್ಲಿ ತವರಿಗೆ ಮರಳಿದ್ದು ಹೀಗೆಯೇ.

ಇನ್ನು ವಿಂಬಲ್ಡನ್ ತಟ್ಟೆ. ಎಲ್ಕಿಂಗ್ಟನ್ ಕಂಪನಿ 1864ರಲ್ಲಿ ತಯಾರಿಸಿದ, 1886ರಿಂದ ಬಹುಮಾನವಾಗಿರುವ ಈ ಬೆಳ್ಳಿ ತಟ್ಟೆಯ ಮೂಲ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ‘ವೀನಸ್ ರೋಸ್‌ವಾಟರ್ ಡಿಶ್’ ಎಂಬ ಬಳಕೆಯ ಹೆಸರಿನಲ್ಲಿ ಪ್ರೇಮದೇವತೆ ವೀನಸ್ ಇದ್ದರೂ ನಡುವೆ ಕುಳಿತವಳು ಸಂಯಮದ ದೇವತೆ. ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಬೇರೆಯೇ: ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸ್ವಾ ಬ್ರಿಯೋ ರೂಪಿಸಿದ ಆ ವಿನ್ಯಾಸವೂ ತವರದ ಮಿಶ್ರಲೋಹದಲ್ಲಿ ಹಲವು ಪ್ರತಿಗಳಾಗಿ ಎರಕಗೊಂಡಿತ್ತು, ನ್ಯೂರೆಂಬರ್ಗಿನ ಕಾಸ್ಪರ್ ಎಂಡರ್ಲೈನ್ ಅದನ್ನೇ ಮತ್ತೆ ಅಚ್ಚಿಗಿಳಿಸಿದ್ದ. ಒಂಟಿ ‘ಅಸಲಿ’ ತಟ್ಟೆ ಎಂಬುದು ಇಲ್ಲಿ ಮೊದಲಿನಿಂದಲೂ ಇರಲಿಲ್ಲ.

ಪಡಿಯಚ್ಚನ್ನು ಗುರುತಿಸಬೇಕಾದರೆ ವಸ್ತುವಿನ ಬೆನ್ನು ನೋಡಬೇಕು. ಬಡಿದು ಮಾಡಿದ ಬೆಳ್ಳಿಯಲ್ಲಿ ಕಾಣುವ ಸುತ್ತಿಗೆಯ ಗುರುತು ಅಲ್ಲಿರುವುದಿಲ್ಲ. ಲೋಹ ಕೂತ ಕಡೆ ಮೈ ತರಿತರಿಯಾಗಿರುತ್ತದೆ, ಲೇಪ ಸವೆದಲ್ಲಿ ತಾಮ್ರದ ಕೆಂಪು ಇಣುಕುತ್ತದೆ. ಹಲವು ಪ್ರತಿಗಳ ಮೇಲೆ ತಯಾರಕರ ಮುದ್ರೆಯೂ ಇರುತ್ತದೆ.